ಹೆಣೆದ ಮುಖವಾಡ, ಆದರೆ ಯಾರ ಮುಖಕ್ಕೂ ಹಿಡಿಸುತ್ತಿಲ್ಲ. ಏನಿದು?

ಪಾರಿಜಾತ_ಬ್ರಿಸ್ಬೇನ್:

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಅಜ್ಜಿಯೊಬ್ಬರು ಮನೆ ಖಾಲಿ ಮಾಡುವಾಗ ಹಳೇ ಸಾಮಾನನ್ನೆಲ್ಲ ಗ್ಯಾರೇಜಿನಲ್ಲಿ ಮಾರಾಟಕ್ಕೆ ಹರಡಿದ್ದರು. ಹೊಲಿಗೆ ಮಷೀನು ನೋಡಲು ಹೋದವಳು ಒಂದು ಮುಖವಾಡ ಹಿಡಿದುಕೊಂಡು ಬಂದೆ. ಅವರ ಯಜಮಾನರು ಹಿಂದೆ ನ್ಯೂಗಿನಿಯಲ್ಲಿ ಕೆಲಸಕ್ಕಿದ್ದರಂತೆ. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿಲ್ಲ.

ಉದ್ದ ಸುಮಾರು ಒಂದೂವರೆ ಗೇಣು. ಬೆತ್ತದಂಥ ಯಾವುದೋ ತೆಳು ಸೀಳಿನಲ್ಲಿ ಹೆಣೆದಿದ್ದಾರೆ. ಕಣ್ಣು ಎಂದರೆ ಚಕ್ಕುಲಿ ಸುತ್ತಿದ ಹಾಗೆ ಎರಡು ದುಂಡು ಬಿಲ್ಲೆ, ನಡುವೆ ತೂತೇ ಇಲ್ಲ. ಮೂಗು ಮುಂದಕ್ಕೆ ಚಾಚಿದೆ, ತಲೆಯ ಮೇಲೆ ಅರ್ಧಚಂದ್ರದ ಆಕಾರದ ಕಿರೀಟ. ಕೆಂಪು, ಹಳದಿ, ಬಿಳಿ, ಕಪ್ಪು ಬಣ್ಣ. ಹಿಂದುಗಡೆ ಟೊಳ್ಳು ಅಂತ ಹೇಳುವಷ್ಟೂ ಜಾಗವಿಲ್ಲ, ಆರು ವರ್ಷದ ಮಗನ ಮುಖಕ್ಕೂ ಕೂರಲಿಲ್ಲ. ಹಾಗಾದರೆ ಇದನ್ನು ಯಾರು ಹಾಕಿಕೊಳ್ಳುತ್ತಿದ್ದರು?

ಇನ್ನೆರಡು ಸಂಗತಿ. ಕಪಾಟಿನ ಮೇಲಿಟ್ಟರೆ ಕೆಳಗೆ ಪುಡಿ ಬೀಳುತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ವಾರ್ನಿಶ್ ಹೊಡೆಯಬಹುದಾ? ಊರಿಂದ ಅಮ್ಮ ಬಂದಿದ್ದಾರೆ. "ಯಾವ ಊರಿನ ಯಾವ ಭೂತದ್ದೋ, ಹಾಲ್‌ನಲ್ಲಿ ಮಾತ್ರ ನೇತುಹಾಕಬೇಡ" ಅಂತ ಪಟ್ಟು ಹಿಡಿದಿದ್ದಾರೆ. ತಿಳಿದವರು ಹೇಳಿ.

ಗೌಡ್ರಹಟ್ಟಿ:

ಫೋಟೋ ನೋಡಿದ್ರೆ ನಮ್ಮ ಕಡೆ ಸೋಮನ ಕುಣಿತದ ಸೋಮನ ತಮ್ಮ ಇದ್ದಂಗವ್ನೆ. ಆದ್ರೆ ನಮ್ಮ ಸೋಮನ ಮುಖ ಮರದ್ದು, ಎತ್ಕೊಂಡು ಕುಣಿಯೋಕೆ ಗಟ್ಟಿ ಆಳು ಬೇಕು. ಇದನ್ನ ಕೋಳಿ ಎತ್ಕೊಂಡು ಹೋಗುತ್ತೆ.

ಹಳೇಮೇಷ್ಟ್ರು:

ತಂಗೀ, ಇದು ಮನುಷ್ಯರು ತೊಡುವ ಮುಖವಾಡವೇ ಅಲ್ಲ. ಗೆಣಸಿಗೆ ಕಟ್ಟುವುದು, ಸಿಹಿಗೆಣಸಲ್ಲ, ಇಂಗ್ಲಿಷಿನಲ್ಲಿ ಯಾಮ್ ಎನ್ನುವ ಗೆಣಸಿಗೆ. ತಮಾಷೆ ಮಾಡುತ್ತಿಲ್ಲ, ಪೂರ್ತಿ ಓದಿ.

ಎಂಬತ್ತರ ದಶಕದಲ್ಲಿ ನಾನು ಪಾಪುವಾ ನ್ಯೂಗಿನಿಯ ಈಸ್ಟ್ ಸೆಪಿಕ್ ಪ್ರಾಂತ್ಯದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಆ ಕಾಲಕ್ಕೆ ಅಲ್ಲಿ ನಮ್ಮ ದೇಶದ ಮೇಷ್ಟ್ರುಗಳು ಸಾಕಷ್ಟು ಜನ ಇದ್ದರು. ಪ್ರಾಂತ್ಯದ ಮುಖ್ಯ ಪಟ್ಟಣ ವೇವಾಕ್, ಸಮುದ್ರದಂಡೆಯ ಊರು. ಅಲ್ಲಿಂದ ಬೆಟ್ಟ ದಾಟಿ ಒಳನಾಡಿಗೆ ಹೋದರೆ ಮಾಪ್ರಿಕ್. ಪ್ರಿನ್ಸ್ ಅಲೆಕ್ಸಾಂಡರ್ ಬೆಟ್ಟಸಾಲಿನ ದಕ್ಷಿಣದ ತಪ್ಪಲು, ಇನ್ನೂ ಕೆಳಗೆ ಸೆಪಿಕ್ ನದಿಯ ಬಯಲು. ಮಾಪ್ರಿಕ್ ಸುತ್ತಲಿನ ಹಳ್ಳಿಗಳಲ್ಲಿರುವವರು ಅಬೆಲಮ್ ಜನ. ನಿಮ್ಮ ಕೈಯಲ್ಲಿರುವುದು ಅವರದ್ದೇ. ಆ ಬಿಲ್ಲೆಗಣ್ಣು, ಆ ಕಿರೀಟ ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ.

ಅವರು ಎರಡು ತರಹದ ಗೆಣಸು ಬೆಳೆಯುತ್ತಾರೆ. ಒಂದು ಚಿಕ್ಕದು, ದಿನದ ಊಟಕ್ಕೆ. ಇನ್ನೊಂದು ಉದ್ದನೆಯದು, ಅದಕ್ಕೆ ವಾಪಿ ಎನ್ನುತ್ತಾರೆ. ಎರಡು ಮೀಟರ್ ಉದ್ದದ್ದು ಸಾಮಾನ್ಯ, ಮೂರು ಮೀಟರ್ ಮುಟ್ಟಿದ್ದೂ ಉಂಟು. ಹಸಿವು ನೀಗಿಸುವುದು ಅದರ ಮುಖ್ಯ ಕೆಲಸವಲ್ಲ. ಒಬ್ಬೊಬ್ಬ ಗಂಡಸಿಗೂ ಎದುರು ಪಂಗಡದಲ್ಲಿ ಒಬ್ಬ ಕಾಯಂ ಜೊತೆಗಾರನಿರುತ್ತಾನೆ. ಜೊತೆಗಾರ ಅನ್ನಬೇಕೋ ಪ್ರತಿಸ್ಪರ್ಧಿ ಅನ್ನಬೇಕೋ, ಎರಡೂ ಸರಿ. ಬೆಳೆದದ್ದರಲ್ಲಿ ಅತಿ ಉದ್ದದ್ದನ್ನು ಇವನು ಅವನಿಗೆ ಕೊಡಬೇಕು. ಅವನು ಮುಂದೆ ಅಷ್ಟೇ ಉದ್ದದ್ದೋ ಅದಕ್ಕಿಂತ ಉದ್ದದ್ದೋ ತಿರುಗಿ ಕೊಡಬೇಕು. ಕೊಡಲಾಗದಿದ್ದರೆ ಊರೆಲ್ಲ ಆಡಿಕೊಳ್ಳುತ್ತದೆ. ಉದ್ದಕ್ಕೊಂದು ಕೋಲು, ದಪ್ಪಕ್ಕೊಂದು ಬಳ್ಳಿ ಹಿಡಿದು ಅಳೆಯುತ್ತಿದ್ದವರ ನಡುವೆ ನಾನೂ ನಿಂತಿದ್ದೇನೆ. ನನ್ನ ಮೂರನೇ ಬೆಂಚಿನ ಹುಡುಗರ ಅಪ್ಪಂದಿರು, ಸ್ಕೂಲಿಗೆ ಬಂದರೆ ಬಾಗಿಲ ಹೊರಗೇ ನಿಲ್ಲುವ ಸಂಕೋಚದವರು, ಅಲ್ಲಿ ಅರ್ಧ ಬೆರಳಿನ ವ್ಯತ್ಯಾಸಕ್ಕೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು!

ಹಬ್ಬದ ದಿನ ಗೆಣಸಿಗೆ ಅಲಂಕಾರ. ಬೇರಿನ ಕೂದಲೆಲ್ಲ ತೆಗೆದು ಉಜ್ಜಿ, ಬಣ್ಣ ಬಳಿದು, ಹಕ್ಕಿಯ ಗರಿ, ಹೂವು, ಕಿತ್ತಳೆ ಬಣ್ಣದ ಕಾಯಿ, ಬೆಲೆಬಾಳುವ ಚಿಪ್ಪಿನ ಬಳೆ ಎಲ್ಲ ಕಟ್ಟುತ್ತಾರೆ. ಬಳ್ಳಿ ಹುಟ್ಟುವ ತುದಿಯೇ ಅದರ ತಲೆ. ಆ ತಲೆಗೆ ಕಟ್ಟುವುದು ನಿಮ್ಮಲ್ಲಿರುವಂಥ ಮುಖ. ಮರದಲ್ಲಿ ಕೆತ್ತಿದ ಚಿಕ್ಕ ಮುಖಗಳೂ ಇವೆ, ಹೆಣೆದವೂ ಇವೆ. ಗಂಡುಹುಡುಗರಿಗೆ ದೀಕ್ಷೆ ಕೊಟ್ಟು ಹೊರಗೆ ಕರೆತರುವಾಗ ಮಾಡುವ ಸಿಂಗಾರವೂ ಹೆಚ್ಚುಕಡಿಮೆ ಇದೇ. ಗೆಣಸನ್ನು ಉದ್ದನೆಯ ಗಳುವಿಗೆ ಬಿಗಿದು ಇಬ್ಬರು ಹೊತ್ತು ತಂದು, ಕೊರಂಬೋ ಎಂಬ ಪೂಜಾಮನೆಯ ಮುಂದಿನ ಬಯಲಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಆ ಕೊರಂಬೋ ಇದೆಯಲ್ಲ, ಅದರ ಮುಂಭಾಗ ತ್ರಿಕೋನಾಕಾರವಾಗಿ ಆಕಾಶಕ್ಕೆ ಎದ್ದು ನಿಂತಿರುತ್ತದೆ, ಮೇಲಿಂದ ಕೆಳಗಿನವರೆಗೆ ದೊಡ್ಡ ದೊಡ್ಡ ಮುಖಗಳ ಚಿತ್ರ. ಪೋರ್ಟ್ ಮೋರ್ಸ್‌ಬಿಯಲ್ಲಿ 1984ರಲ್ಲಿ ತೆರೆದ ಸಂಸತ್ ಭವನದ ಮುಂಭಾಗ ಆ ಮಾದರಿಯದೇ.

ಆದ್ದರಿಂದ ಕಣ್ಣಿಗೆ ತೂತು ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ: ಒಳಗಿಂದ ಯಾರೂ ನೋಡಬೇಕಾಗಿಲ್ಲ. ಮುಖವಾಡ ಅಂದರೆ ಒಳಗೊಬ್ಬ ಅಡಗಿದ್ದಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಯಾರೂ ಅಡಗುವುದಿಲ್ಲ. ಗೆಣಸಿಗೆ ಮುಖ ಬರುತ್ತದೆ, ಅಷ್ಟೇ. ಮನುಷ್ಯರು ತೊಡುವುದು ಬೇರೆಯೇ ಇದೆ, ಅದಕ್ಕೆ ಬಾಬಾ ಎನ್ನುತ್ತಾರೆ. ಪೂರ್ತಿ ತಲೆ ಒಳಗೆ ಹೋಗುವಷ್ಟು ದೊಡ್ಡ ಹೆಣಿಗೆ, ಕೆಳಗೆ ಎಲೆ-ನಾರಿನ ಹೊದಿಕೆ.

ಹಿಂದುಗಡೆ ಎರಡು ಕುಣಿಕೆಯಂಥದು ಇದೆಯಾ ನೋಡಿ ಹೇಳಿ. ಪುಡಿಯ ವಿಷಯ, ಅಮ್ಮನ ವಿಷಯ ಆಮೇಲೆ ಬರೆಯುತ್ತೇನೆ. ಅಷ್ಟರವರೆಗೆ ದಯವಿಟ್ಟು ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಪಾರಿಜಾತ_ಬ್ರಿಸ್ಬೇನ್:

ಮೇಷ್ಟ್ರೇ, ಗೆಣಸಿಗಾ!! ಅಮ್ಮನಿಗೆ ಓದಿ ಹೇಳಿದೆ, ನಂಬಲಿಲ್ಲ. ಕುಣಿಕೆ ಇವೆ, ಕಿವಿಯ ಹಿಂದೆ ಒಂದೊಂದು. ಒಂದು ಹರಿದಿದೆ. ಇನ್ನೊಂದು ಕಂಡಿದ್ದು: ಮೂಗಿನ ಪಕ್ಕ ಬಣ್ಣ ಎದ್ದಿರುವ ಕಡೆ, ಈಗಿನ ಬಿಳಿಯ ಕೆಳಗೆ ಕೆಂಪು, ಅದರ ಕೆಳಗೂ ಏನೋ ಹಳದಿ. ಯಾರೋ ಮಕ್ಕಳು ಬಳಿದು ಹಾಳು ಮಾಡಿರಬಹುದಾ?

ಬೆತ್ತದಬುಟ್ಟಿ:

ನಾನು ಬುಟ್ಟಿ, ಚಾಪೆ ಹೆಣೆಯುವವಳು, ಗೆಣಸಿನ ವಿಷಯ ಗೊತ್ತಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಕಣ್ಣಿನ ಬಿಲ್ಲೆಯಲ್ಲಿ ಒಳಗೊಂದು ದಪ್ಪ ಎಳೆ ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತಿದೆ, ಅದನ್ನು ತೆಳು ಸೀಳೊಂದು ಸುತ್ತು ಸುತ್ತಿಗೂ ಹಿಂದಿನ ಸಾಲಿಗೆ ಬಿಗಿಯುತ್ತಿದೆ. ಕೆನ್ನೆ, ಕಿರೀಟದ ಕಡೆ ಹಾಗಲ್ಲ. ಅಲ್ಲಿ ನಿಂತ ಕಡ್ಡಿಗಳ ನಡುವೆ ಜೋಡಿ ಎಳೆ ಹೊಸೆದುಕೊಂಡು ಸಾಗಿದೆ, ಮಧ್ಯೆ ಬೆಳಕು ತೂರುವಷ್ಟು ಸಂದು ಬಿಟ್ಟಿದ್ದಾರೆ. ಅಂದರೆ ಒಂದೇ ಮುಖದಲ್ಲಿ ಎರಡು ಬಗೆಯ ಹೆಣಿಗೆ. ನನಗೆ ಇಷ್ಟವಾದದ್ದು ಮೂಗು. ಚಪ್ಪಟೆ ಹೆಣಿಗೆಯನ್ನು ಅಚ್ಚು ಇಲ್ಲದೆ ಅಷ್ಟು ಮುಂದಕ್ಕೆ ಉಬ್ಬಿಸಬೇಕಾದರೆ ಎಲ್ಲಿ ಎಳೆ ಸೇರಿಸಬೇಕು, ಎಲ್ಲಿ ಕಡಿಮೆ ಮಾಡಬೇಕು ಅನ್ನುವ ಲೆಕ್ಕ ಕೈಯಲ್ಲೇ ಇರಬೇಕು.

ಇಂಥ ಕೆಲಸದ ಮೇಲೆ ಯಾಕಾದರೂ ಬಣ್ಣ ಬಳಿದರೋ ಅನ್ನಿಸಿತು. ಹೆಣಿಗೆಯೇ ಮುಚ್ಚಿಹೋಗಿದೆ. ಮೇಷ್ಟ್ರೇ, ಬಳ್ಳಿ ಯಾವುದು? ಹೆಣೆಯುವವರು ಹೆಂಗಸರಾ?

ಹಳೇಮೇಷ್ಟ್ರು:

ಬುಟ್ಟಿಯವರೇ, ಅಲ್ಲಿ ಇದನ್ನು ಹೆಣೆಯುವವರು ಗಂಡಸರು. ಹೆಂಗಸರ ಕೈಗೆಲಸ ಬಿಲುಮ್ ಎಂಬ ನೂಲಿನ ಚೀಲ. ಮಗುವನ್ನೂ ಗೆಣಸನ್ನೂ ಅದರಲ್ಲೇ ಹಾಕಿ ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಹೊರುತ್ತಾರೆ. ಮುಖವಾಡಕ್ಕೆ ಬೆತ್ತದ ಜಾತಿಯ ಸೀಳೂ ಆಗುತ್ತದೆ, ಮರಕ್ಕೆ ಹಬ್ಬುವ ಒಂದು ಜರಿಗಿಡದ ಬಳ್ಳಿಯನ್ನೂ ಬಳಸುತ್ತಾರೆ.

ನಿಮ್ಮ ಇನ್ನೊಂದು ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಹೆಣಿಗೆ ನೋಡಿ ಬೆರಗಾಗುವುದು ನಾವು. ಅವರ ಲೆಕ್ಕದಲ್ಲಿ ಹೆಣಿಗೆ ಬರೀ ಮೈ, ಬಣ್ಣ ಬಿದ್ದ ಮೇಲೇ ಅದಕ್ಕೆ ಶಕ್ತಿ. ಆಂಟನಿ ಫೋರ್ಜ್ ಎಂಬ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ 1958ರಿಂದ 1963ರ ನಡುವೆ ಎರಡು ಸಲ ಬಂದು ಅಬೆಲಮ್ ಹಳ್ಳಿಗಳಲ್ಲಿ ಇದ್ದ. ಅವನಿಗಿಂತ ಮುಂಚೆ, 1939-40ರಲ್ಲಿ, ಫಿಲಿಸ್ ಕೇಬರಿ ಎಂಬ ಹೆಂಗಸು ಕಲಾಬು ಎಂಬ ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದ್ದಳು. ಫೋರ್ಜ್ ಒತ್ತಿ ಹೇಳಿದ್ದು ಈ ಬಣ್ಣದ ವಿಷಯವನ್ನೇ. ಬಣ್ಣ ಅವರಿಗೆ ಅಂದ ಹೆಚ್ಚಿಸುವ ವಸ್ತುವಲ್ಲ, ಗೆಣಸನ್ನೂ ಹುಡುಗರನ್ನೂ ಬೆಳೆಸುವ ಮದ್ದು. ಇನ್ನೊಂದು ಮಾತೂ ಅವನದ್ದೇ: ಆ ಗೆರೆ, ಆ ಸುರುಳಿಗಳ ಅರ್ಥವೇನು ಅಂತ ಕೇಳಿದರೆ ಅಲ್ಲಿ ವಿವರಣೆ ಸಿಗುವುದಿಲ್ಲ, ಹಿರಿಯರು ಹೀಗೆ ಮಾಡುತ್ತಿದ್ದರು ಎನ್ನುತ್ತಾರೆ. ನಾನೂ ಸ್ಟಾಫ್ ರೂಮಿನ ಅಧಿಕಪ್ರಸಂಗದಲ್ಲಿ ಕೇಳಿ ನೋಡಿದ್ದೇನೆ. ಒಬ್ಬ ಅಜ್ಜ ನನ್ನನ್ನು ಕರುಣೆಯಿಂದ ನೋಡಿ ಅಡಿಕೆ ಕೊಟ್ಟ. ಹೌದು, ಅಲ್ಲೂ ಅಡಿಕೆ, ಸುಣ್ಣ ಜೋರು. ವೀಳ್ಯದೆಲೆಯ ಬದಲು ಹೆಚ್ಚಾಗಿ ಅದರ ಬಳ್ಳಿಯ ಉದ್ದನೆ ಕಾಯಿ ಜಗಿಯುತ್ತಾರೆ.

ಈಗ ಪಾರಿಜಾತ ಅವರಿಗೆ. ಬಣ್ಣದ ಕೆಳಗೆ ಬಣ್ಣ ಇದೆ ಅಂದಿರಲ್ಲ, ಅದು ಮಕ್ಕಳ ಕೈಚಳಕ ಅಲ್ಲ. ಹಬ್ಬ ಮುಗಿದ ಮೇಲೆ ಮುಖವನ್ನು ಬಿಚ್ಚಿ ಮನೆಯಲ್ಲಿ ಎತ್ತಿಡುತ್ತಾರೆ. ಹೊಗೆ ಹಿಡಿಯುತ್ತದೆ, ಬಣ್ಣ ಮಾಸುತ್ತದೆ. ಮುಂದಿನ ಸುಗ್ಗಿಗೆ ಮತ್ತೆ ಹೊಸ ಬಣ್ಣ. ಪದರ ಇರುವುದರಿಂದ ಮಾರಾಟಕ್ಕೆಂದೇ ಮಾಡಿದ್ದಲ್ಲ, ಬಳಕೆಯಲ್ಲಿದ್ದದ್ದು ಎಂದು ನನ್ನ ಊಹೆ. ಮಾರಾಟದವೂ ಬೇಕಾದಷ್ಟಿವೆ. ಪ್ರವಾಸಿಗಳು ಕೊಳ್ಳತೊಡಗಿದ ಮೇಲೆ ಅದೇ ಹೆಣಿಗೆಯಲ್ಲಿ, ಪೇಂಟ್ ಡಬ್ಬಿಯ ಬಣ್ಣ ಹೊಡೆದು, ವೇವಾಕ್‌ನಲ್ಲಿ ರಾಶಿ ಹಾಕುತ್ತಿದ್ದರು. ಅವುಗಳ ಮೇಲೆ ಬಣ್ಣ ಒಂದೇ ಪದರ, ಮಿರಿಮಿರಿ ಮಿಂಚುತ್ತದೆ. ಹಾಗಂತ ಅವನ್ನು ಕೀಳು ಅಂತ ನಾನು ಹೇಳಲಾರೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರ ಸ್ಕೂಲ್ ಫೀಸು ಬಂದದ್ದು ಅದರಿಂದಲೇ.

ಪುಡಿ: ಬಿಳಿ ಕಾಗದದ ಮೇಲೆ ಒಂದು ರಾತ್ರಿ ಇಟ್ಟು ನೋಡಿ. ಬಿದ್ದದ್ದು ಕೆಂಪು-ಹಳದಿಯಾಗಿದ್ದರೆ ಅದು ಬಣ್ಣದ ಮಣ್ಣು. ಅಂಟು ಕಡಿಮೆ, ಅದಕ್ಕೇ ಉದುರುತ್ತದೆ. ನೀರು ತಾಗಿದರೆ ಬಣ್ಣವೆಲ್ಲ ಬಟ್ಟೆಗೆ ಬರುತ್ತದೆ, ವಾರ್ನಿಶ್ ಹೊಡೆದರೆ ಕಪ್ಪಗಾಗಿ ಮತ್ತೆ ತೆಗೆಯಲಾಗದ ಹಾಗಾಗುತ್ತದೆ. ಎರಡೂ ಬೇಡ. ಮೆತ್ತನೆ ಒಣ ಕುಂಚದಿಂದ ಧೂಳು ಮಾತ್ರ ಸರಿಸಿ. ಬಿದ್ದದ್ದು ಮಾಸಲು ಬಿಳಿ, ಹಿಟ್ಟಿನಂತೆ ನುಣ್ಣಗಿದ್ದು, ಬೆತ್ತದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಹುಳ ಇದೆ ಅಂತ ಅರ್ಥ. ಆಗ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹನಿಗಟ್ಟಿ ಬಣ್ಣ ಕರಗುತ್ತದೆ. ಮ್ಯೂಸಿಯಮ್‌ಗಳಲ್ಲೂ ಹುಳಕ್ಕೆ ಇದೇ ಚಿಕಿತ್ಸೆ.

ಅಮ್ಮನಿಗೆ ಹೇಳಿ: ಅಲ್ಲಿಯವರೇ ಬಣ್ಣ ಮಾಸಿದ ಮುಖಕ್ಕೆ ಹೆದರುವುದಿಲ್ಲ. ಗೆಣಸೂ ಇಲ್ಲ, ಹೊಸ ಬಣ್ಣವೂ ಇಲ್ಲ ಅಂದಮೇಲೆ ಅದು ಸದ್ಯಕ್ಕೆ ಬಿಡುವಿನಲ್ಲಿದೆ. ಆದರೂ ಹಾಲ್ ಬೇಡ ಅಂತ ಅವರು ಅಂದರೆ ಓದುವ ಕೋಣೆಗೆ ಹಾಕಿ. ಬಿಸಿಲು ಬೀಳದ ಗೋಡೆ ಆದರೆ ಸಾಕು, ಅಡುಗೆಮನೆ ಪಕ್ಕ ಬೇಡ.

ಬ್ರಿಸ್ಬೇನಿನಲ್ಲೇ ಇದ್ದೀರಿ. ನಿಮ್ಮೂರಿನ ಮಾಡರ್ನ್ ಆರ್ಟ್ ಗ್ಯಾಲರಿಯವರು 2012ರ ಏಷ್ಯಾ ಪೆಸಿಫಿಕ್ ಟ್ರಯೆನಿಯಲ್ ಎಂಬ ಕಲಾಪ್ರದರ್ಶನಕ್ಕೆ ಅಬೆಲಮ್ ಮತ್ತು ಕ್ವೋಮಾ (ಅದೇ ಸೆಪಿಕ್ ಕಡೆಯ ಇನ್ನೊಂದು ಜನ) ಕಲಾವಿದರಿಂದ ಪೂಜಾಮನೆಯ ಭಾಗಗಳನ್ನೇ ಮಾಡಿಸಿದ್ದರು. ಒಮ್ಮೆ ಅಲ್ಲಿ ವಿಚಾರಿಸಿ. ಮಂಗಳೂರಿನವರಿಗೆ ಬಾಸೆಲ್ ಅಂದರೆ ಮಿಶನ್ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಆ ಬಾಸೆಲ್ ಊರಿನ ಸಂಸ್ಕೃತಿ ಮ್ಯೂಸಿಯಮ್ಮಿನಲ್ಲಿ ಒಂದಿಡೀ ಅಬೆಲಮ್ ಪೂಜಾಮನೆ ನಿಂತಿದೆ. ಮಿಶನ್ನಿನವರು ಇಂಡಿಯಾದಿಂದ ಒಯ್ದ ವಸ್ತುಗಳೂ ಸೇರಿರುವುದು ಅದೇ ಮ್ಯೂಸಿಯಮ್ಮಿಗೆ.

ಲೈಡನ್_ಕನ್ನಡಿಗ:

ಮೇಷ್ಟ್ರು ಹೇಳಿದ್ದು ನ್ಯೂಗಿನಿ ದ್ವೀಪದ ಪೂರ್ವಾರ್ಧದ ಕಥೆ. ಪಶ್ಚಿಮಾರ್ಧ ಇಂಡೋನೇಷ್ಯಾದ್ದು. ಅಲ್ಲಿನ ನೈಋತ್ಯ ಕರಾವಳಿಯ ಜೌಗುನಾಡಿನಲ್ಲಿ ಅಸ್ಮತ್ ಎಂಬ ಜನರಿದ್ದಾರೆ. ಅವರಲ್ಲೂ ನಾರಿನ ಮುಖವಾಡ ಉಂಟು, ಆದರೆ ಅದು ಮುಖಕ್ಕಷ್ಟೇ ಸೀಮಿತವಲ್ಲ, ಇಡೀ ಮೈಗೆ. ಹಗ್ಗವನ್ನು ಕುಣಿಕೆ ಕುಣಿಕೆಯಾಗಿ ಹೆಣೆದ ಅಂಗಿ, ಅದಕ್ಕೇ ಕೂಡಿಕೊಂಡ ತಲೆಗವಸು, ಸೊಂಟದಿಂದ ಇಳಿಬಿಟ್ಟ, ಸಾಗು ಎಂಬ ತಾಳೆಜಾತಿಯ ಮರದ ಎಲೆಯ ಝಾಲರಿ. ಇಲ್ಲಿ ನೆದರ್ಲೆಂಡ್ಸ್‌ನ ಮ್ಯೂಸಿಯಮ್ಮಿನಲ್ಲಿ ಅದರ ಎದುರು ನಿಂತಾಗ ಒಳಗೆ ಮನುಷ್ಯ ಇದ್ದಾನೆ ಅಂತಲೇ ಹೆಜ್ಜೆ ಹಿಂದಿಟ್ಟಿದ್ದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಅಸ್ಮತ್ ಸಂಗ್ರಹದಲ್ಲಿ ಬಹುಪಾಲು ಮೈಕಲ್ ರಾಕ್‌ಫೆಲರ್ ಎಂಬ, ಅಮೆರಿಕದ ಸಿರಿವಂತ ಮನೆತನದ ಯುವಕ 1961ರಲ್ಲಿ ಕೂಡಿಸಿದ್ದು. ಅದೇ ವರ್ಷ ನವೆಂಬರಿನಲ್ಲಿ ಆ ಕರಾವಳಿಯಲ್ಲಿ ಕಣ್ಮರೆಯಾದ, ಮತ್ತೆ ಸಿಗಲಿಲ್ಲ.

ಅಸ್ಮತ್ ಜನ ಆ ಅಂಗಿ ತೊಡುವ ಹಬ್ಬಕ್ಕೆ ಜಿಪೈ ಎನ್ನುತ್ತಾರೆ. ಇತ್ತೀಚೆಗೆ ತೀರಿಕೊಂಡವರು ಕಡೆಯ ಸಲ ಊರಿಗೆ ಬಂದು ಹೋಗುವ ಹಬ್ಬ. ಗುಟ್ಟಾಗಿ ಹೆಣೆದ ಅಂಗಿ ತೊಟ್ಟು ಒಬ್ಬೊಬ್ಬರು ಒಬ್ಬೊಬ್ಬ ಸತ್ತವರ ಪರವಾಗಿ ಕಾಡಿನಿಂದ ಹೊರಬರುತ್ತಾರೆ, ರಾತ್ರಿಯೆಲ್ಲ ಕುಣಿತ. ಯಾರ ಮುಖ ಹಾಕಿದನೋ ಅವರ ತಬ್ಬಲಿ ಮಕ್ಕಳ ಹೊಣೆ ಹಾಕಿದವನದು. ಕುಣಿದು ಬಿಚ್ಚಿಟ್ಟರೆ ಮುಗಿಯಿತು ಅನ್ನುವ ಹಾಗಿಲ್ಲ.

ನಮ್ಮ ಕರಾವಳಿಯ ಭೂತದ ಮೊಗದ ಜೊತೆ ಇಟ್ಟು ನೋಡಿದರೆ ಓಶಿಯಾನಿಯಾದ, ಅಂದರೆ ಪೆಸಿಫಿಕ್ ಸಾಗರದ ದ್ವೀಪಗಳ, ಮುಖವಾಡಗಳೆಲ್ಲ ಹಿರಿಯರ ಆರಾಧನೆಯೇ ಅನ್ನಿಸುತ್ತದೆ, ಅಲ್ಲವೇ ಮೇಷ್ಟ್ರೇ?

ಹಳೇಮೇಷ್ಟ್ರು:

ತಬ್ಬಲಿ ಮಕ್ಕಳ ವಿಷಯ ಬರೆದದ್ದು ಒಳ್ಳೆಯದಾಯಿತು. ಆದರೆ ಕೊನೆಯ ವಾಕ್ಯ ಬೇಡ ಮಾರಾಯರೇ. ನಾವಿಬ್ಬರೂ ಹೇಳಿದ ಎರಡು ಉದಾಹರಣೆಯಲ್ಲೇ ಒಂದು ಕಡೆ ಸತ್ತವರ ಬದಲಿಗೆ ಬದುಕಿದವನು ನಿಲ್ಲುತ್ತಾನೆ, ಇನ್ನೊಂದು ಕಡೆ ಮನುಷ್ಯನೇ ಬೇಕಿಲ್ಲ. ಹಿರಿಯರ ನೆರಳು ಗೆಣಸಿನ ಮೇಲೂ ಇದೆ, ಇಲ್ಲವೆನ್ನುವುದಿಲ್ಲ. ಅಬೆಲಮ್ ಜನ ಗೆಣಸಿಗೆ ಕಟ್ಟುವುದು ವಂಶದ ದೊಡ್ಡ ಚೇತನಗಳ ಹೆಸರನ್ನೇ. ಆದರೂ ಅಷ್ಟು ದೊಡ್ಡ ಸಾಗರವನ್ನು ಒಂದು ವಾಕ್ಯಕ್ಕೆ ತುಂಬಬಾರದು. ಮುಖವಾಡದ ಸಂಪತ್ತು ಮುಖ್ಯವಾಗಿ ಮೆಲನೇಷ್ಯಾದ್ದು, ಅಂದರೆ ನ್ಯೂಗಿನಿ ಮತ್ತು ಅದರ ಪೂರ್ವಕ್ಕಿರುವ ದ್ವೀಪಗಳದ್ದು. ಇನ್ನೂ ಪೂರ್ವಕ್ಕೆ, ಹವಾಯಿ, ನ್ಯೂಜಿಲೆಂಡ್ ಸೇರಿದ ಪಾಲಿನೇಷ್ಯಾದಲ್ಲಿ ಮುಖವಾಡ ಬಹಳ ಅಪರೂಪ.

ತೋಟದಮನೆ_ಪುತ್ತೂರು:

ಸರ್, ನಮ್ಮ ತೂಣಗೆಣಸೂ ಇದೇ ಜಾತಿಯಾ? ಅಡಿಕೆ ಮರಕ್ಕೆ ಹಬ್ಬಿಸಿ ಸಂಕ್ರಾಂತಿ ಹೊತ್ತಿಗೆ ಅಗೆಯುತ್ತೇವೆ. ದಪ್ಪ ಬರುತ್ತದೆ, ಉದ್ದ ಬರುವುದಿಲ್ಲ. ಮೂರು ಮೀಟರ್ ಹೇಗೆ ಮಾಡ್ತಾರೆ ಅವರು?

ಹಳೇಮೇಷ್ಟ್ರು:

ಹೌದು, ಅದೇ ಜಾತಿ, ಶಾಸ್ತ್ರೀಯ ಹೆಸರು ಡಯಾಸ್ಕೋರಿಯಾ ಅಲಾಟಾ. ತಳಿ ಬೇರೆ. ಗುಟ್ಟು ಇರುವುದು ಗುಂಡಿಯಲ್ಲಿ. ಆಳುದ್ದಕ್ಕಿಂತ ಆಳ ಅಗೆದು, ಕಲ್ಲು-ಬೇರು ಎಲ್ಲ ಆರಿಸಿ, ಮೇಲ್ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ಸಡಿಲವಾಗಿ ತುಂಬುತ್ತಾರೆ. ಬೇರಿಗೆ ಎಲ್ಲೂ ತಡೆ ಸಿಗಬಾರದು, ನೆಟ್ಟಗೆ ಇಳಿಯಬೇಕು. ಅದರ ಮೇಲೆ ದಿಬ್ಬ ಮಾಡಿ ಬಿತ್ತನೆಯ ತುಂಡು ಊರಿ, ಬಳ್ಳಿಯನ್ನು ತಗ್ಗು ಚಪ್ಪರದ ಮೇಲೆ ಹರಡುತ್ತಾರೆ. ಕೀಳುವಾಗ ಹಾರೆ ಹಾಕಿ ಎಬ್ಬಿಸುವುದಿಲ್ಲ. ಸುತ್ತಲಿನ ಮಣ್ಣನ್ನು ಕಡ್ಡಿಯಿಂದ, ಕೈಯಿಂದ ಬಿಡಿಸುತ್ತ ಇಳಿಯುತ್ತಾರೆ, ತುದಿ ಮುರಿದರೆ ವರ್ಷದ ಕೆಲಸ ಹೋಯಿತು.

ಉಳಿದದ್ದು ಪಥ್ಯ. ಗೆಣಸು ಬೆಳೆಯುವಷ್ಟು ಕಾಲ ಬೆಳೆಯುವವನು ಹೆಂಡತಿಯಿಂದ ದೂರ ಇರಬೇಕು, ಹೆಂಗಸರು ಆ ತೋಟದ ಕಡೆ ಸುಳಿಯಬಾರದು, ಊರಿನಲ್ಲಿ ಜಗಳ ಆಗಬಾರದು. ಗೆಣಸಿಗೆ ಗೊತ್ತಾಗುತ್ತದಂತೆ, ಮುನಿಸಿಕೊಳ್ಳುತ್ತದಂತೆ. ರಿಚರ್ಡ್ ಸ್ಕ್ಯಾಗ್ಲಿಯನ್ ಎಂಬ ಅಮೆರಿಕದ ಸಂಶೋಧಕ ಅಲ್ಲಿನ ವ್ಯಾಜ್ಯಗಳನ್ನು ಪಟ್ಟಿ ಮಾಡಿ ನೋಡಿದಾಗ ಅವು ವರ್ಷವಿಡೀ ಸಮನಾಗಿ ಹಂಚಿರಲಿಲ್ಲ. ಗೆಣಸು ನೆಲದಲ್ಲಿರುವಾಗ ಬಾಯಿ ಮುಚ್ಚಿಕೊಂಡವರು ಹಬ್ಬ ಮುಗಿದ ಮೇಲೆ ಹಳೇ ಲೆಕ್ಕ ತೆಗೆಯುತ್ತಾರೆ. ನನಗೂ ತೋಟ ನೋಡುವ ಆಸೆಯಿತ್ತು. ಹುಡುಗನ ಅಪ್ಪ ಬೇಲಿಯ ಹತ್ತಿರ ಅಡ್ಡ ನಿಂತು, "ಮೇಷ್ಟ್ರೇ, ನಿಮ್ಮ ಮನೆಯವರು ಜೊತೆಗೇ ಇದ್ದಾರಲ್ಲ" ಅಂದ. ಅಲ್ಲಿಂದಲೇ ವಾಪಸ್.

ಪುತ್ತೂರಿನವರೇ, ಮೊದಲು ಗುಂಡಿ ಆಳ ಮಾಡಿ ನೋಡಿ. ಮಳೆಗಾಲದಲ್ಲಿ ನೀರು ನಿಲ್ಲದ ಜಾಗ ಆರಿಸಿ, ಇಲ್ಲವಾದರೆ ಕೊಳೆಯುತ್ತದೆ. ಪಥ್ಯದ ಬಗ್ಗೆ ಮನೆಯಲ್ಲಿ ಕೇಳಿಕೊಂಡು ತೀರ್ಮಾನ ಮಾಡಿ.